ಧಾನ್ಯದ ರಾಶಿಯೊಳಗೆ ಇಳಿದ ಕೈ

ಈ ವರ್ಷ ಕೊಡಗಿನ ಎಮ್ಮೆಮಾಡಿನ ಉರೂಸಿಗೆ ಹೋದದ್ದು ಹರಕೆ ತೀರಿಸುವುದಕ್ಕಾಗಿ. ಮನೆಯ ಮಗುವೊಂದು ದೀರ್ಘ ಕಾಯಿಲೆಯಿಂದ ಎದ್ದು ಓಡಾಡುವಂತಾಗಿತ್ತು. ಸಕಲ ಸ್ತುತಿಯೂ ಅಲ್ಲಾಹನಿಗೆ. ಸೂಫಿ ಶಹೀದರ ದರ್ಗಾದಲ್ಲಿ ಫಾತಿಹಾ ಓದಿ ಹೊರಬಂದಾಗ ಅಂಗಳದಲ್ಲಿ ಉಸ್ತಾದರೊಬ್ಬರ ಪ್ರವಚನ ನಡೆಯುತ್ತಿತ್ತು. ಜಾತಿಮತದ ಲೆಕ್ಕವಿಲ್ಲದೆ ಸುತ್ತಲಿನ ತೋಟ, ಲೈನುಮನೆಗಳಿಂದ ಬಂದವರು ನಿಂತು ಕೇಳುತ್ತಿದ್ದರು. ಉಸ್ತಾದರು ಅಂದು ಅನೇಕ ವಿಷಯಗಳನ್ನು ಹೇಳಿರಬೇಕು. ನನ್ನ ಕಿವಿಯಲ್ಲಿ ಉಳಿದದ್ದು ಒಂದೇ ಹದೀಸ್, ಅಂದರೆ ಪ್ರವಾದಿ(ಸ)ಯವರ ನಡೆನುಡಿಯ ಒಂದು ವರದಿ.

ಅಬೂಹುರೈರಾ(ರ) ವರದಿ ಮಾಡಿರುವ, ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿರುವ ಆ ಹದೀಸನ್ನು ಮದ್ರಸಕ್ಕೆ ಹೋದ ಪ್ರತಿಯೊಬ್ಬರೂ ಕೇಳಿಯೇ ಇರುತ್ತಾರೆ. ಪ್ರವಾದಿ(ಸ)ಯವರು ಮಾರಾಟಕ್ಕಿಟ್ಟಿದ್ದ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅದರೊಳಗೆ ಕೈಯಿಳಿಸಿದರು. ಬೆರಳಿಗೆ ತೇವ ತಗಲಿತು. ಇದೇನೆಂದು ಕೇಳಿದಾಗ, ಮಳೆ ಬಿದ್ದು ನೆನೆಯಿತೆಂದು ವ್ಯಾಪಾರಿ ಉತ್ತರಿಸಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲ, ವಂಚಿಸುವವನು ನಮ್ಮವನಲ್ಲ ಎಂದರು ಪ್ರವಾದಿ(ಸ)ಯವರು.

ನಾನು ಮೆಣಸು ಮತ್ತು ಕಾಫಿಯ ವ್ಯಾಪಾರದ ಮನೆಯಲ್ಲಿ ಬೆಳೆದವನು. ಆದ್ದರಿಂದ ಈ ಹದೀಸ್ ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಉಪ್ಪಾಪನ, ಅಂದರೆ ಅಜ್ಜನ, ಬಲಗೈ. ಗೋಣಿಚೀಲದ ಬಾಯಿ ಬಿಚ್ಚಿ, ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ, 'ಬಿಸ್ಮಿಲ್ಲಾಹ್' ಎಂದು ಅವರು ಕೈಯನ್ನು ನಿಧಾನವಾಗಿ ಮೂಟೆಯ ನಡುಮಧ್ಯಕ್ಕೆ ಇಳಿಸುತ್ತಿದ್ದರು. ಮೇಲಿನ ಕಾಳು ಬಿಸಿಲಿಗೆ ಗರಿಗರಿಯಾಗಿರುವುದು ಸಹಜ. ಅವರಿಗೆ ಬೇಕಾಗಿದ್ದುದು ನಡುವಿನ ಕಾಳು. ಮುಷ್ಟಿಯನ್ನು ಹೊರತೆಗೆದು ಅಂಗೈಯಲ್ಲಿ ಉಜ್ಜಿ ಮೂಸಿದರೆ, ಒಣಗಿದ ಮೆಣಸಿನ ಘಾಟು ಬೇರೆ, ಒಳಗೊಳಗೇ ಬೂಷ್ಟು ಹಿಡಿದ ಮೆಣಸಿನ ವಾಸನೆ ಬೇರೆ. ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರಿ ಕಾಫಿಯಾದರೆ ಕಿವಿಯ ಬಳಿ ಹಿಡಿದು ಅಲುಗಾಡಿಸುತ್ತಿದ್ದರು. ಚೆನ್ನಾಗಿ ಒಣಗಿದ ಚೆರಿಯೊಳಗೆ ಬೀಜ ಗಲಗಲ ಎನ್ನುತ್ತದೆ, ಹಸಿ ಉಳಿದದ್ದು ಮಾತಾಡುವುದಿಲ್ಲ. ಆ ಕೈಯ ಬೆರಳ ಸಂದುಗಳಲ್ಲಿ ಮೆಣಸಿನ ಪುಡಿ ಶಾಶ್ವತವಾಗಿ ಕೂತಂತಿತ್ತು. ಅವರ ಕೈಗೆ ಮುತ್ತಿಟ್ಟಾಗಲೆಲ್ಲ ನಮಗೆ ಸೀನು ಬರುತ್ತಿತ್ತು, ಅವರು ನಗುತ್ತಿದ್ದರು. ಅವರ ಮುಖಕ್ಕಿಂತ ಆ ಘಾಟೇ ಇಂದು ನನಗೆ ಹೆಚ್ಚು ಸ್ಪಷ್ಟವಾಗಿ ನೆನಪಿದೆ ಎಂದರೆ ತಪ್ಪಾಗಲಾರದು.

ಉಪ್ಪಾಪ ಅದೇ ಕೈಯನ್ನು ತಾವು ಮಾರುವ ಮೂಟೆಯೊಳಗೂ ಇಳಿಸುತ್ತಿದ್ದರು. ಕೊಳ್ಳುವಾಗ ಕೈಯಿಳಿಸದ ವ್ಯಾಪಾರಿ ಯಾವ ಊರಲ್ಲಿಯೂ ಇಲ್ಲ. ಮಾರುವಾಗ, ಕೊಳ್ಳುವವನು ಎದುರಿಗೆ ನಿಂತಿರುವಾಗಲೇ, ತನ್ನ ಸರಕಿನ ನಡುವಿನ ಮುಷ್ಟಿಯನ್ನು ತಾನೇ ಎತ್ತಿ ತೋರಿಸುವವರು ವಿರಳ.

ಆ ಹದೀಸಿನಲ್ಲಿ ನಾವು ಅವಸರದಿಂದ ದಾಟಿಹೋಗುವ ಒಂದು ಅಂಶವಿದೆ. ಮದೀನಾದ ಆ ವ್ಯಾಪಾರಿ ರಾಶಿಗೆ ನೀರು ಚಿಮುಕಿಸಿರಲಿಲ್ಲ. ಮಳೆ ಅವನ ಕೈಯಲ್ಲಿರಲಿಲ್ಲ, ನೆನೆದದ್ದು ಅವನ ಅಪರಾಧವಾಗಿರಲಿಲ್ಲ. ಪ್ರವಾದಿ(ಸ)ಯವರು ನೆನೆದ ಧಾನ್ಯವನ್ನು ಮಾರಬೇಡವೆಂದೂ ಹೇಳಲಿಲ್ಲ, ಅದನ್ನು ಮೇಲಿಡು ಎಂದರು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದರಲ್ಲಿಯೇ ವಂಚನೆ ಅಡಗಿತ್ತು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲಿನ ನಡುವೆ, ಕಾಫಿ ಕಣದಲ್ಲಿ ಹರಡಿರುವಾಗಲೇ ಅಕಾಲಿಕ ಮಳೆ ಬರುತ್ತದೆ. ಟಾರ್ಪಾಲು ಹೊದಿಸುವಷ್ಟರಲ್ಲಿ ಅರ್ಧ ನೆನೆದಿರುತ್ತದೆ. ಹದಿನಾಲ್ಕು ಶತಮಾನಗಳ ಹಿಂದಿನ ಆ ಉತ್ತರವೇ ಇಂದೂ ನಮ್ಮ ಬಾಯಲ್ಲಿ ಸಿದ್ಧವಾಗಿರುತ್ತದೆ: ಮಳೆ ಬಂತು, ಏನು ಮಾಡುವುದು.

ಅರೇಬಿಕಾ ಚೆರಿಯಲ್ಲಿ ಶೇ. 12, ರೋಬಸ್ಟಾ ಚೆರಿಯಲ್ಲಿ ಶೇ. 11, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟಿನಲ್ಲಿ ಶೇ. 10 ತೇವಾಂಶವೆಂಬುದು ಕಾಫಿ ಮಂಡಳಿ ಹೇಳುವ ಮಟ್ಟ. 2024ರಲ್ಲಿ ರೋಬಸ್ಟಾ ಚೆರಿಯ 50 ಕಿಲೋ ಮೂಟೆಯ ಬೆಲೆ ಹತ್ತು ಸಾವಿರ ರೂಪಾಯಿ ದಾಟಿತ್ತು. ಆ ದರದಲ್ಲಿ ಒಂದು ಮೂಟೆಯೊಳಗೆ ಅರ್ಧ ಕಿಲೋ ನೀರು ಹೆಚ್ಚಿಗೆ ಉಳಿದರೆ ನೂರು ರೂಪಾಯಿ, ನೂರು ಮೂಟೆಗೆ ಹತ್ತು ಸಾವಿರ. ಒಂದು ಹರಕೆಯ ಆಡನ್ನು ಆ ಹಣದಲ್ಲಿ ಕೊಳ್ಳಬಹುದು. ಅಲ್ಲಾಹನು ಪರಿಶುದ್ಧನು, ಪರಿಶುದ್ಧವಾದುದನ್ನಲ್ಲದೆ ಸ್ವೀಕರಿಸುವುದಿಲ್ಲ ಎಂಬ ಇನ್ನೊಂದು ಹದೀಸನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಎದೆ ನಡುಗುತ್ತದೆ.

ಪ್ರವಾದಿ(ಸ)ಯವರು ಮಕ್ಕಾದಿಂದ ಮದೀನಾಕ್ಕೆ ವಲಸೆ ಬಂದ ಹಿಜ್ರಾದ ವೇಳೆಗೆ, ಅಂದರೆ ಕ್ರಿ.ಶ. 622ರಲ್ಲಿ, ಮದೀನಾದ ಜನ ಅಳತೆ ತೂಕದಲ್ಲಿ ಬಹಳ ಕೆಟ್ಟವರಾಗಿದ್ದರೆಂದೂ, ಅಳತೆಯಲ್ಲಿ ಕಡಿತ ಮಾಡುವವರಿಗೆ ವಿನಾಶವಿದೆಯೆಂಬ ಕುರ್‌ಆನ್ ಅಧ್ಯಾಯ, ಸೂರಾ ಅಲ್-ಮುತಫ್ಫಿಫೀನ್ ಅವತೀರ್ಣವಾದ ಬಳಿಕ ಸರಿಯಾದರೆಂದೂ ಇಬ್ನು ಅಬ್ಬಾಸ್(ರ) ಹೇಳಿದ್ದಾರೆ. ಮಕ್ಕಾದಲ್ಲಿ ಎಲ್ಲವನ್ನೂ ಬಿಟ್ಟು ಬಂದಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ, ವಲಸೆ ಬಂದವರಿಗೆ ಆಸರೆಯಾದ ಮದೀನಾದ ಅನ್ಸಾರಿಗಳ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ, ಅವರು ಹರಸಿ ಕೇಳಿದ್ದು ಮಾರುಕಟ್ಟೆಯ ದಾರಿಯನ್ನು. ಬನೂ ಕೈನುಕಾದ ಪೇಟೆಯಲ್ಲಿ ತುಪ್ಪ ಮತ್ತು ಒಣಗಿಸಿದ ಮೊಸರಿನ ಗಟ್ಟಿ ಮಾರಿ ಅವರು ಮತ್ತೆ ತಲೆಯೆತ್ತಿದರು. ಖಲೀಫರಾದ ಮೇಲೂ ಅಬೂಬಕರ್(ರ) ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೊರಟಿದ್ದರು. ಉಮರ್(ರ) ಮತ್ತು ಅಬೂಉಬೈದಾ(ರ) ಅವರನ್ನು ತಡೆದು, ಸಾರ್ವಜನಿಕ ಖಜಾನೆಯಾದ ಬೈತುಲ್‌ಮಾಲ್‌ನಿಂದ ವೇತನ ಗೊತ್ತುಮಾಡಬೇಕಾಯಿತು. ಅಂದರೆ ಆ ಪೀಳಿಗೆಯ ದೀನ್, ಅಂದರೆ ಧರ್ಮ, ಮಸೀದಿಯ ಕಂಬಗಳ ನಡುವೆ ಎಷ್ಟು ಬೆಳೆಯಿತೋ ತಕ್ಕಡಿಯ ಮುಂದೆಯೂ ಅಷ್ಟೇ ಬೆಳೆಯಿತು.

ಮಡಿಕೇರಿಯಲ್ಲಿ ಸಂತೆಯೂ ಜುಮಾ ನಮಾಝೂ ಒಂದೇ ದಿನ, ಶುಕ್ರವಾರ. ಬಾಂಗ್ ಕೇಳಿದೊಡನೆ ತರಕಾರಿ ರಾಶಿಗೆ ಗೋಣಿ ಮುಚ್ಚಿ ಪಳ್ಳಿಗೆ (ಮಸೀದಿಗೆ) ಧಾವಿಸುವವರನ್ನು ನೋಡಿದಾಗ ನನಗೆ ಸೂರಾ ಅಲ್-ಜುಮುಆ ನೆನಪಾಗುತ್ತದೆ. ಮದೀನಾದಲ್ಲಿ ಖುತ್ಬಾ, ಅಂದರೆ ಜುಮಾದ ಪ್ರವಚನ, ನಡೆಯುತ್ತಿದ್ದಾಗ ಆಹಾರ ಹೊತ್ತ ಕಾರವಾನ್ ಬಂತೆಂದು ಜನ ಎದ್ದು ಓಡಿದರು, ಪ್ರವಾದಿ(ಸ)ಯವರ ಬಳಿ ಉಳಿದವರು ಹನ್ನೆರಡೇ ಮಂದಿ. ಕುರ್‌ಆನ್ ಅದನ್ನು ಆಕ್ಷೇಪಿಸಿತು; ಆದರೆ ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಿರಿ, ಅವನನ್ನು ಧಾರಾಳವಾಗಿ ಸ್ಮರಿಸಿರಿ ಎಂದು 10ನೇ ವಚನದಲ್ಲಿ ಆಜ್ಞಾಪಿಸಿದ್ದೂ ಅದೇ ಸೂರಾ. ನಾವು ಬಾಂಗಿಗೆ ಅಂಗಡಿ ಮುಚ್ಚುವುದನ್ನು ಕಲಿತಿದ್ದೇವೆ. ಮರಳಿ ಬಂದು ಗೋಣಿ ತೆಗೆದ ಮೇಲೆ ಆ ಸ್ಮರಣೆ ಎಲ್ಲಿರುತ್ತದೆ ಎಂಬುದು ನನ್ನ ತಕರಾರು.

ಪ್ರವಾದಿ(ಸ)ಯವರು ಜನಿಸಿದ ರಬೀಉಲ್ ಅವ್ವಲ್ ತಿಂಗಳು ಬಂತೆಂದರೆ ಪಳ್ಳಿಗಳಿಗೆ ದೀಪಾಲಂಕಾರ, ಮಕ್ಕಳಿಗೆ ದಫ್, ಬೀದಿಗೆ ತೋರಣ. ಇವೆಲ್ಲ ಇರಲಿ, ಪ್ರವಾದಿಪ್ರೇಮ ಇಲ್ಲದ ಮನೆ ಮನೆಯಲ್ಲ. ಆದರೆ ಪ್ರವಾದಿಸ್ತುತಿಯಾದ ಮೌಲಿದ್ ಓದಿದ ನಾಲಗೆಯೇ ಮರುದಿನ ಗೋದಾಮಿನಲ್ಲಿ ಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದವನನ್ನು 'ಬುದ್ಧಿವಂತ' ಎಂದು ಹೊಗಳುವುದನ್ನು ಕೇಳಿದ್ದೇನೆ. ಈ ಮೆಣಸನ್ನು ಅರಸಿಯೇ ಅರಬ್ ವರ್ತಕರು ಮಲಬಾರಿನ ತೀರಕ್ಕೆ ಬರುತ್ತಿದ್ದರು. ಅವರ ಹಡಗುಗಳೊಡನೆ ಬಂದ ದೀನನ್ನೇ ನಾವು ಘಟ್ಟದ ಮೇಲೆ ಪಾಲಿಸುತ್ತಿದ್ದೇವೆ.

ಕೊಳ್ಳುವವನಿಗೂ ಪ್ರವಾದಿ(ಸ)ಯವರ ಸಂಗಾತಿಗಳ ಕಾಲದಲ್ಲಿ ಪಾಠವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಕಠಿಣವಾದದ್ದು. ಜರೀರ್ ಬಿನ್ ಅಬ್ದುಲ್ಲಾಹ್(ರ) ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿ(ಸ)ಯವರಿಗೆ ಮಾತು ಕೊಟ್ಟಿದ್ದರು. ಅವರ ಸೇವಕ 300 ದಿರ್ಹಮಿಗೆ ಒಂದು ಕುದುರೆಯನ್ನು ಗೊತ್ತುಮಾಡಿ ಬಂದಾಗ, ಅವರು ಮಾರುವವನ ಬಳಿಗೆ ಹೋಗಿ ನಿನ್ನ ಕುದುರೆಗೆ ಇದಕ್ಕಿಂತ ಹೆಚ್ಚು ಬೆಲೆಯಿದೆ ಎಂದು ತಾವೇ ಏರಿಸುತ್ತಾ ಹೋಗಿ 800 ದಿರ್ಹಮ್ ಕೊಟ್ಟರು. ಅರ್ಧ ಎಕರೆಯ ಫಸಲನ್ನು ಎರಡು ಚೀಲದಲ್ಲಿ ಜೀಪಿಗೆ ಹಾಕಿಕೊಂಡು ಬರುವ ಬಡ ಬೆಳೆಗಾರನಿಗೆ ಬೆಳಗಿನ ದರ ಗೊತ್ತಿರುವುದಿಲ್ಲ, ಚೆರಿಯಿಂದ ಸಿಗುವ ಬೀಜದ ಪ್ರಮಾಣವಾದ ಔಟ್‌ಟರ್ನ್ ತೆಗೆಯುವಾಗ ಎಷ್ಟು ಬೀಜ ಬಂತೆಂದು ಕೇಳುವ ಧೈರ್ಯವೂ ಇರುವುದಿಲ್ಲ. ಉಪ್ಪಾಪ ಅಂಥವರಿಗೆ ಮೊದಲು ಚಹಾ ಕೊಡಿಸಿ, ಪಕ್ಕದ ಅಂಗಡಿಯಲ್ಲಿ ದರ ವಿಚಾರಿಸಿಕೊಂಡು ಬಾ ಎಂದು ಕಳುಹಿಸುತ್ತಿದ್ದರು. ಹೆಚ್ಚಿನವರು ಮರಳಿ ಬರುತ್ತಿದ್ದರು. ಕೆಲವರು ಅಲ್ಲಿಯೇ ಮಾರಿ ಹೋಗುತ್ತಿದ್ದರು, ಚಹಾದ ಲೆಕ್ಕ ಮಾತ್ರ ನಮ್ಮ ಖಾತೆಯಲ್ಲಿ ಉಳಿಯುತ್ತಿತ್ತು.