ಮೊಳಕೆ ರಾಗಿ, ಒಂದು ರಕ್ತಪರೀಕ್ಷೆ ಮತ್ತು ನಮ್ಮತ್ತೆಯ ಉಪ್ಸಾರು

ಶನಿವಾರ ರಾತ್ರಿ ಊಟ ಮುಗಿದ ಮೇಲೆ ನಮ್ಮ ಮನೆಯಲ್ಲಿ ರಾಗಿ ನೆನೆಹಾಕುತ್ತೇವೆ. ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಶುರುವಾದ ಅಭ್ಯಾಸ ಇದು. ಈಗ ಅವಳಿಗೆ ಮೂರು ವರ್ಷ. ರಾಗಿ ಸರಿ, ಅಂದರೆ ಪುಟ್ಟ ಮಕ್ಕಳ ಗಂಜಿ, ತಿನ್ನುವ ವಯಸ್ಸು ದಾಟಿದರೂ ರಾಗಿ ನೆನೆಯುವುದು ನಿಂತಿಲ್ಲ.

ನಾನು ಸಾಗರದ ಕಡೆಯವಳು. ನಮ್ಮದು ಅನ್ನದ ಊರು. ಅನ್ನ, ತಂಬುಳಿ, ಸಾರು, ಮಜ್ಜಿಗೆ, ಅಲ್ಲಿಗೆ ಊಟ ಆಯಿತು. ಮದುವೆಯಾಗಿ ಬಂದದ್ದು ನಾಗಮಂಗಲದ ಕಡೆಯ ಮನೆಗೆ. ಇಲ್ಲಿ "ಊಟ ಆಯ್ತಾ" ಅಂದರೆ "ಮುದ್ದೆ ಆಯ್ತಾ" ಅಂತಲೇ ಅರ್ಥ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅನ್ನುವುದನ್ನು ಕಲಿಯುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು. ಮಾವನವರು ರಾಗಿ ಬೆಳೆದವರು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಬೆಸೆದು ಇಂಡಾಫ್ ತಳಿಗಳನ್ನು ತಂದ ಕಥೆಯನ್ನು ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಪ್ರತಿ ಸಲ ಹೇಳುವಾಗಲೂ ದನಿ ಸ್ವಲ್ಪ ಮೆತ್ತಗಾಗುತ್ತದೆ. ಆ ತಳಿ ಬಂದ ಮೇಲೆಯೇ ಅವರ ಮನೆಯ ಕಣದಲ್ಲಿ ರಾಶಿ ದೊಡ್ಡದಾಯಿತಂತೆ.

ಸರಿ ಹಿಟ್ಟು ಮಾಡುವುದನ್ನು ಕಲಿಸಿದ್ದು ಅತ್ತೆ. ಅಂಗಡಿಯಲ್ಲಿ ಡಬ್ಬ ಸಿಗುತ್ತದಲ್ಲ ಅಂದೆ ಮೊದಲು. "ನಾನಿರೋವರೆಗೆ ಮಗೀಗೆ ಡಬ್ಬದ್ದು ಬ್ಯಾಡ" ಅಂದರು ಅಷ್ಟೆ.

ರಾಗಿಯನ್ನು ಮೊದಲು ಜಾಲಿಸಬೇಕು. ಅಗಲ ಪಾತ್ರೆಗೆ ರಾಗಿ ಹಾಕಿ, ತುಂಬಾ ನೀರು ಬಿಟ್ಟು, ಕೈಯಾಡಿಸಿದರೆ ಹೊಟ್ಟು ತೇಲಿ ಬರುತ್ತದೆ, ಅದನ್ನು ಚೆಲ್ಲಬೇಕು. ಆಮೇಲೆ ಪಾತ್ರೆಯನ್ನು ಒಂದು ಕಡೆ ವಾಲಿಸಿ, ಸಣ್ಣಗೆ ಅಲುಗಾಡಿಸುತ್ತಾ, ನೀರಿನ ಜೊತೆ ರಾಗಿಯನ್ನು ಇನ್ನೊಂದು ಪಾತ್ರೆಗೆ ಹರಿಸಬೇಕು. ಅತ್ತೆಯ ಕೈಯಲ್ಲಿ ರಾಗಿ ಎಣ್ಣೆಯ ಹಾಗೆ ಹರಿದು ಹೋಗುತ್ತದೆ. ಕೊನೆಗೆ ತಳದಲ್ಲಿ ಒಂದು ಚಿಟಿಕೆ ಮರಳು ಮಾತ್ರ ಉಳಿಯುತ್ತದೆ. ಹೀಗೆ ಮೂರು ಸಲ. ನನ್ನ ಕೈಗೆ ಇನ್ನೂ ಅದು ಪೂರ್ತಿ ಬಂದಿಲ್ಲ, ಐದು ಸಲ ಮಾಡುತ್ತೇನೆ.

ರಾತ್ರಿಯಿಡೀ ನೆನೆದ ರಾಗಿಯನ್ನು ಬೆಳಗ್ಗೆ ನೀರು ಬಸಿದು ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಇಡುತ್ತೇವೆ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಮೊಳಕೆ. ಚಳಿಗಾಲದಲ್ಲಿ ಎರಡು ದಿನ. ಬಟ್ಟೆ ಒಣಗಿದರೆ ಸ್ವಲ್ಪ ನೀರು ಚಿಮುಕಿಸಬೇಕು. ಬಿಚ್ಚಿದಾಗ ಒಂದು ವಾಸನೆ ಬರುತ್ತದೆ, ಮೊದಲ ಮಳೆ ಬಿದ್ದ ಹೊಲದ ವಾಸನೆಗೆ ಸ್ವಲ್ಪ ಸಿಹಿ ಸೇರಿದ ಹಾಗೆ. ಕೆಂಪು ಕಾಳಿನಿಂದ ಬಿಳಿ ದಾರ ಹೊರಬಂದು ಕಾಳುಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬಿಡಿಸಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಬೀಸಿ, ಬಟ್ಟೆಯಲ್ಲಿ ವಸ್ತ್ರಗಾಳಿ ಹಿಡಿದರೆ ಸರಿ ಹಿಟ್ಟು ತಯಾರು. ಮಳೆಗಾಲದಲ್ಲಿ ಮಾತ್ರ ಹುಷಾರಾಗಿರಬೇಕು. ಒಂದು ಆಷಾಢದಲ್ಲಿ ನಮ್ಮ ಗಂಟು ಲೋಳೆ ಬಂದು ಹುಳಿ ನಾತ ಹೊಡೆಯಿತು. ಅಷ್ಟನ್ನೂ ಗಿಡಕ್ಕೆ ಹಾಕಿದೆವು. ಲೋಳೆ, ಬೂಷ್ಟು, ಕೆಟ್ಟ ವಾಸನೆ, ಇದರಲ್ಲಿ ಒಂದು ಕಂಡರೂ ಎಸೆದುಬಿಡಿ. ಮಗುವಿನ ಹೊಟ್ಟೆಗೆ ಹೋಗುವಂಥದ್ದು, ತೊಳೆದರೆ ಸರಿಹೋಗುತ್ತದೆ ಅಂತ ನೋಡಬೇಡಿ.

ಮೊಳಕೆ ಯಾಕೆ ಬರಿಸಬೇಕು ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಸಾದಾ ರಾಗಿ ಹಿಟ್ಟು ಬೇಯಿಸಿದರೆ ಎರಡು ಚಮಚಕ್ಕೇ ಗಟ್ಟಿಯಾಗುತ್ತದೆ. ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡಿದರೆ ಮಗುವಿನ ಹೊಟ್ಟೆಗೆ ಹೋಗುವುದು ಬರೀ ನೀರು. ಮೊಳಕೆ ಬಂದಾಗ ಕಾಳಿನ ಒಳಗೆ ಅಮೈಲೇಸ್ ಅನ್ನುವ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಅದಕ್ಕೇ ಮೊಳಕೆ ಹಿಟ್ಟಿನ ಸರಿ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುತ್ತದೆ. ಅದೇ ಪುಟ್ಟ ಬಟ್ಟಲಿನಲ್ಲಿ ಹಿಟ್ಟು ಜಾಸ್ತಿ ಹಿಡಿಸಬಹುದು. ಜೊತೆಗೆ ಕಾಳಿನಲ್ಲಿರುವ ಫೈಟೇಟ್ ಕಡಿಮೆಯಾಗುತ್ತದೆ. ಈ ಫೈಟೇಟ್ ಕಬ್ಬಿಣ, ಸತು, ಕ್ಯಾಲ್ಸಿಯಂ ಎಲ್ಲವನ್ನೂ ಹಿಡಿದಿಟ್ಟುಕೊಂಡು ಮೈಗೆ ಸೇರದ ಹಾಗೆ ಮಾಡುತ್ತದೆ. ಅತ್ತೆಗೆ ಇದನ್ನೆಲ್ಲ ಹೇಳಿದಾಗ ತಲೆಯಾಡಿಸಿದರು. "ಮೊಳಕೆ ಬಂದ್ರೆ ಮಗೀಗೆ ಅರಗ್ತದೆ ಅಂತ ನಮ್ಮವ್ವ ಹೇಳೋಳು" ಅಂದರು. ಎರಡೂ ಒಂದೇ ಮಾತು ಅಲ್ವಾ.

ಇಷ್ಟೆಲ್ಲ ಮಾಡಿದೆವು. ಉಪ್ಪು, ಸಕ್ಕರೆ ವರ್ಷ ತುಂಬುವವರೆಗೆ ಮುಟ್ಟಿಸಲಿಲ್ಲ. ಅಮ್ಮ ಊರಿನಿಂದ ಜೇನು ಕಳಿಸಿದ್ದರು, ನಾಲಿಗೆಗೆ ನೆಕ್ಕಿಸು ಅಂತ. ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿ ಬಾಟುಲಿಸಂ ಅನ್ನುವ ಕಾಯಿಲೆ ತರುವ ಬೀಜಾಣು ಇರಬಹುದು, ಎಳೆಯ ಕರುಳಿಗೆ ಅದನ್ನು ತಡೆಯಲು ಆಗುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳುವುದು ಸುಲಭ ಇರಲಿಲ್ಲ, ಆದರೂ ಹೇಳಿದೆ.

ಮಗಳಿಗೆ ಹದಿನಾಲ್ಕು ತಿಂಗಳು. ಮುಖ ಬಿಳಿಚಿಕೊಂಡಿತ್ತು. ಊಟ ಸೇರುತ್ತಿರಲಿಲ್ಲ, ಕಿರಿಕಿರಿ, ಹಾಲು ಮಾತ್ರ ಬೇಕು. ಒಂದು ದಿನ ಬಾಲ್ಕನಿಯ ಕುಂಡದ ಮಣ್ಣನ್ನು ಬಾಯಿಗೆ ಹಾಕಿಕೊಂಡಳು. ಮಕ್ಕಳು ಹಾಗೇ ಅಂದುಕೊಂಡೆ. ಮತ್ತೆ ಮತ್ತೆ ತಿನ್ನಲು ಶುರುಮಾಡಿದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ ರಕ್ತಪರೀಕ್ಷೆ ಬರೆದರು. ಹಿಮೋಗ್ಲೋಬಿನ್ 9.2. ಕನಿಷ್ಠ 11 ಇರಬೇಕಿತ್ತು ಅಂದರು.

ನನಗೆ ಅಲ್ಲೇ ಅಳು ಬಂತು. ದಿನಾ ಎರಡು ಹೊತ್ತು ರಾಗಿ ಸರಿ ತಿನ್ನಿಸಿದ್ದೇನೆ, ನಾನೇ ಕೈಯಾರೆ ಮಾಡಿದ್ದು, ರಾಗಿ ತಿಂದರೆ ರಕ್ತ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ ಅಂದೆ. ಆ ಡಾಕ್ಟರ್ ಬಹಳ ತಾಳ್ಮೆಯವರು. ಕುರ್ಚಿ ಹತ್ತಿರ ಎಳೆದುಕೊಂಡು ವಿವರಿಸಿದರು. ಮಗು ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಊಟದಿಂದಲೇ ಬರಬೇಕು. ರಾಗಿಯ ದೊಡ್ಡ ಗುಣ ಕ್ಯಾಲ್ಸಿಯಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಸುವಿನ ಹಾಲಿನ ಮೂರು ಪಟ್ಟು. ಕಬ್ಬಿಣ ಸುಮಾರು 4.6 ಮಿಲಿಗ್ರಾಂ. ಅದೂ ಧಾನ್ಯದ ಕಬ್ಬಿಣ, ಮೈಗೆ ಸೇರುವುದು ಅದರಲ್ಲಿ ಸ್ವಲ್ಪವೇ. ನಾನು ಸರಿಯನ್ನು ಬೇಯಿಸುತ್ತಿದ್ದದ್ದು ಹಾಲಿನಲ್ಲಿ. ಹಾಲು, ಇರುವ ಸ್ವಲ್ಪ ಕಬ್ಬಿಣವನ್ನೂ ಸರಿಯಾಗಿ ಒಳಗೆ ಬಿಡುವುದಿಲ್ಲ. ಅದರ ಮೇಲೆ ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಬೇರೆ ಕುಡಿಸುತ್ತಿದ್ದೆವು. ಹೊಟ್ಟೆ ತುಂಬಾ ಹಾಲಿದ್ದರೆ ಊಟ ಎಲ್ಲಿಂದ ಸೇರಬೇಕು? ಸಂಜೆ ತಾತನ ಟೀಯಲ್ಲಿ ಅದ್ದಿದ ಬಿಸ್ಕತ್ತು ಇನ್ನೊಂದು. ಟೀ ಕೂಡ ಕಬ್ಬಿಣವನ್ನು ತಡೆಯುತ್ತದೆ.

ಮನೆಗೆ ಬಂದು ರಾತ್ರಿಯೆಲ್ಲ ಓದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಜಾಸ್ತಿ ಮಕ್ಕಳಿಗೆ ರಕ್ತಹೀನತೆ. ಅಷ್ಟು ಮನೆಗಳು. ಅವುಗಳಲ್ಲಿ ಎಷ್ಟೋ ಮನೆಗಳಲ್ಲಿ ನನ್ನ ಹಾಗೇ ಪ್ರೀತಿಯಿಂದ ರಾಗಿ ಸರಿ ತಿನ್ನಿಸುತ್ತಿರುವ ಅಮ್ಮಂದಿರು ಇರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಾಕ್ಟರ್ ಕಬ್ಬಿಣದ ಹನಿ ಕೊಟ್ಟರು, ಮೂರು ತಿಂಗಳು. ಸ್ವಾಭಾವಿಕವಾಗಿ ಊಟದಲ್ಲೇ ಸರಿಮಾಡಿಕೊಳ್ಳುತ್ತೇವೆ, ಔಷಧಿ ಬೇಡ ಅನ್ನುವ ಆಸೆ ನನಗೆ ಬಂದದ್ದು ನಿಜ. ಅವರು ಸ್ಪಷ್ಟವಾಗಿ ಹೇಳಿದರು: ಇಷ್ಟು ಕೆಳಗೆ ಇಳಿದ ಮೇಲೆ ಊಟ ಒಂದರಿಂದ ತುಂಬುವುದಕ್ಕೆ ಆಗುವುದಿಲ್ಲ, ಮೊದಲು ತುಂಬಿಸೋಣ, ಆಮೇಲೆ ಊಟ ಅದನ್ನು ಉಳಿಸಿಕೊಂಡು ಹೋಗಲಿ. ಹನಿ ಹಾಕಿದ ದಿನಗಳಲ್ಲಿ ಮಲ ಕಪ್ಪಗೆ ಬರುತ್ತದೆ, ಗಾಬರಿ ಆಗಬೇಡಿ. ಹಾಲಿನ ಜೊತೆ ಮಾತ್ರ ಹಾಕಬೇಡಿ.

ಊಟ ಬದಲಾಯಿಸುವಾಗ ನಾನು ಹೊಸದೇನೋ ಹುಡುಕಬೇಕು ಅಂದುಕೊಂಡಿದ್ದೆ. ಹುಡುಕಲೇ ಇಲ್ಲ. ಅತ್ತೆಯ ಅಡುಗೆಮನೆಯಲ್ಲೇ ಎಲ್ಲಾ ಇತ್ತು.

ಉಪ್ಸಾರು ನೋಡಿ. ಹುರುಳಿಕಾಳೋ ಅಲಸಂದೆಯೋ ಬೇಯಿಸಿ, ಅದಕ್ಕೆ ದಂಟಿನ ಸೊಪ್ಪೋ ನುಗ್ಗೆ ಸೊಪ್ಪೋ ಹಾಕಿ, ಉಪ್ಪು ಹಾಕಿ ಕುದಿಸಿ, ಕಟ್ಟನ್ನು ಬಸಿಯುತ್ತಾರೆ. ಕಾಳು ಸೊಪ್ಪಿಗೆ ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ, ಅದು ಪಲ್ಯ. ಹಸಿಮೆಣಸು, ಬೆಳ್ಳುಳ್ಳಿ, ಜೀರಿಗೆ, ಮೆಣಸು ಅರೆದು ಖಾರ. ತಟ್ಟೆಯಲ್ಲಿ ಮುದ್ದೆ, ಸುತ್ತ ಕಟ್ಟು, ಅಂಚಿಗೆ ಖಾರ, ಮೇಲೆ ಅರ್ಧ ನಿಂಬೆಹಣ್ಣು ಹಿಂಡುವುದು. ಆ ನಿಂಬೆಹಣ್ಣು ರುಚಿಗೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ನಿಂಬೆಯ ಸಿ ಜೀವಸತ್ವ ಒಂದೇ ತುತ್ತಿನಲ್ಲಿ ಜೊತೆಗಿದ್ದರೆ ಕಾಳಿನ, ಸೊಪ್ಪಿನ, ರಾಗಿಯ ಕಬ್ಬಿಣ ಮೈಗೆ ಜಾಸ್ತಿ ಸೇರುತ್ತದೆ. ಈ ಊಟದಲ್ಲಿ ಹಾಲಿಲ್ಲ. ಟೀ ಇಲ್ಲ. ಹುಳಿ ಇರುವ ಅಡುಗೆಯನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಿದರೆ ಪಾತ್ರೆಯಿಂದಲೂ ಸ್ವಲ್ಪ ಕಬ್ಬಿಣ ಬರುತ್ತದೆ, ಹಾಗಾಗಿ ಈಗ ನಮ್ಮ ಟೊಮೆಟೊ ಗೊಜ್ಜು ಆ ಬಾಣಲೆಗೆ ಹೋಗಿದೆ. ಆದ ತಕ್ಷಣ ಬೇರೆ ಪಾತ್ರೆಗೆ ತೆಗೆಯಬೇಕು, ಇಲ್ಲದಿದ್ದರೆ ಕಪ್ಪಾಗಿ ಕಹಿ ಬರುತ್ತದೆ.

ಮಗಳಿಗೆ ಖಾರ ಬಿಟ್ಟು ಉಳಿದದ್ದೆಲ್ಲ ಕೊಟ್ಟೆವು. ಬೆರಳಿನಷ್ಟು ಮುದ್ದೆ, ಮಸೆದ ಕಾಳು ಸೊಪ್ಪು, ನಾಲ್ಕು ಹನಿ ನಿಂಬೆ. ಸರಿಯನ್ನು ನೀರಿನಲ್ಲಿ ಬೇಯಿಸಿ, ಹಾಲನ್ನು ಬೇರೆ ಹೊತ್ತಿಗೆ ತಳ್ಳಿದೆವು. ಹಾಲು ದಿನಕ್ಕೆ ಅರ್ಧ ಲೀಟರಿನ ಒಳಗೆ. ಸರಿ ತಿಂದ ಮೇಲೆ ಸೀಬೆಹಣ್ಣಿನ ತಿರುಳು, ಬೀಜ ತೆಗೆದು. ಸೀಬೆಯಲ್ಲಿ ಕಿತ್ತಳೆಗಿಂತ ಜಾಸ್ತಿ ಸಿ ಜೀವಸತ್ವ ಇದೆ, ನಮ್ಮಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತದೆ. ನಾವು ಮೊಟ್ಟೆಯನ್ನೂ ಕೊಡುತ್ತೇವೆ. ತಾತ ಟೀಯನ್ನು ಮಗುವಿನ ಎದುರಿಗೆ ಕುಡಿಯುವುದನ್ನೇ ಬಿಟ್ಟರು. ಅವರಿಗೆ ಅದು ಸಣ್ಣ ತ್ಯಾಗ ಅಲ್ಲ.

ಮೂರು ತಿಂಗಳ ಮೇಲೆ ಹಿಮೋಗ್ಲೋಬಿನ್ 11.3. ಮಣ್ಣು ತಿನ್ನುವುದು ಅದಕ್ಕಿಂತ ಮುಂಚೆಯೇ ನಿಂತಿತ್ತು.

ನಮ್ಮೂರಿನ ತಂಬುಳಿಯೂ ಈಗ ವಾರಕ್ಕೆ ಎರಡು ದಿನ ಇರುತ್ತದೆ. ಕುಂಡದಲ್ಲಿ ದೊಡ್ಡಪತ್ರೆ, ಒಂದೆಲಗ ಬೆಳೆದಿದ್ದೇನೆ. ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿ ಸೇರಿಸಿ ಅರೆದು ಮಜ್ಜಿಗೆಗೆ ಕಲಸಿದರೆ ಮುಗಿಯಿತು, ಕುದಿಸುವ ಹಾಗಿಲ್ಲ. ಇದರಿಂದ ಆ ರೋಗ ಹೋಗುತ್ತದೆ, ಈ ರೋಗ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಬಿಸಿಲಲ್ಲಿ ಅಲೆದು ಬಂದವರಿಗೆ ಅನ್ನದ ಜೊತೆ ಇದನ್ನು ಬಡಿಸಿದರೆ ಮುಖ ಹೇಗೆ ಸಡಿಲವಾಗುತ್ತದೆ ಅನ್ನುವುದನ್ನು ನೋಡಿದ್ದೇನೆ, ನನಗೆ ಅಷ್ಟು ಸಾಕು.

ಪ್ಯಾಕೆಟ್ ವಿಷಯ ಒಂದು ಮಾತು. ವಿಶ್ವಸಂಸ್ಥೆ 2023 ಅನ್ನು ಸಿರಿಧಾನ್ಯ ವರ್ಷ ಅಂತ ಆಚರಿಸಿದ ಮೇಲೆ ಅಂಗಡಿಯಲ್ಲಿ ರಾಗಿಯದ್ದೇ ಹತ್ತಾರು ಡಬ್ಬಗಳು. ಒಮ್ಮೆ ಊರಿಗೆ ಹೋಗುವ ಅವಸರದಲ್ಲಿ ಮೊಳಕೆ ರಾಗಿ ಅಂತ ದೊಡ್ಡದಾಗಿ ಬರೆದಿದ್ದ ಒಂದನ್ನು ತಂದೆ. ಹಿಂದೆ ತಿರುಗಿಸಿ ನೋಡಿದರೆ ಮೊದಲ ಹೆಸರು ಗೋಧಿ, ಎರಡನೆಯದು ಸಕ್ಕರೆ, ರಾಗಿ ನಾಲ್ಕನೆಯದು. ನಮ್ಮ ದೇಶದ ನಿಯಮದ ಪ್ರಕಾರ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು. ಮುಂಭಾಗದ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. 'ಹೆಲ್ತ್ ಡ್ರಿಂಕ್' ಅನ್ನುವ ಮಾತಿಗೆ ನಮ್ಮ ಆಹಾರ ಕಾನೂನಿನಲ್ಲಿ ಅರ್ಥವೇ ಕೊಟ್ಟಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ 'ಹೆಲ್ತ್ ಡ್ರಿಂಕ್' ಅನ್ನುವ ವಿಭಾಗದಿಂದ ಇಂಥ ಪಾನೀಯಗಳನ್ನು ತೆಗೆಯಿರಿ ಅಂತ ಹೇಳಿತು.

ಕೆಲಸಕ್ಕೆ ಹೋಗುವವರಿಗೆ ಇದೆಲ್ಲ ಎಲ್ಲಿ ಆಗುತ್ತದೆ ಅಂತ ಗೆಳತಿಯರು ಕೇಳುತ್ತಾರೆ. ನಾನೂ ಕೆಲಸಕ್ಕೆ ಹೋಗುವವಳೇ. ತಿಂಗಳಿಗೆ ಒಂದು ಸಲ ಒಂದು ಕೆಜಿ ಮಾಡಿದರೂ ಸಾಕು. ಚೆನ್ನಾಗಿ ಒಣಗಿದ ಹಿಟ್ಟು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ತಿಂಗಳು ಇರುತ್ತದೆ. ಮೊಳಕೆ ಆಗದ ವಾರ ಸಾದಾ ರಾಗಿ ಹಿಟ್ಟಿನ ಅಂಬಲಿ ಮಾಡಿ, ರಾತ್ರಿ ಹುಳಿ ಬರಲು ಬಿಡಿ. ಹುಳಿ ಬಂದರೂ ಫೈಟೇಟ್ ಇಳಿಯುತ್ತದೆ. ಮಗು ಬಿಳಿಚಿಕೊಂಡಿದೆ, ಮಣ್ಣು ಸುಣ್ಣ ತಿನ್ನುತ್ತಿದೆ ಅನ್ನಿಸಿದರೆ ಮಾತ್ರ ಮನೆಮದ್ದು ಹುಡುಕುತ್ತಾ ಕೂರಬೇಡಿ, ಒಂದು ರಕ್ತಪರೀಕ್ಷೆ ಮಾಡಿಸಿ.

ಇವತ್ತು ಭಾನುವಾರ. ಬೆಳಗ್ಗೆ ಕಟ್ಟಿದ ಗಂಟನ್ನು ಮಗಳು ಆಗಲೇ ಮೂರು ಸಲ ಬಿಚ್ಚಿ ನೋಡಿದ್ದಾಳೆ. "ಅಜ್ಜಿ, ಇನ್ನೂ ಬಾಲ ಬಂದಿಲ್ಲ" ಅಂತ ದೂರು. ಮಧ್ಯಾಹ್ನ ಹುರುಳಿಕಾಳಿನ ಉಪ್ಸಾರು. ನಿಂಬೆಹಣ್ಣು ಹಿಂಡುವ ಕೆಲಸ ಅವಳದ್ದು, ಪುಟ್ಟ ಎರಡೂ ಕೈ ಸೇರಿಸಿ, ಎಲ್ಲರ ತಟ್ಟೆಗೂ. ಅತ್ತೆ ಮುದ್ದೆ ಕೋಲು ತೊಳೆದು ಕೂತಿದ್ದಾರೆ, ಎಸರು ಮಳ್ಳುತ್ತಿದೆ, ನಾನು ಹೋಗಬೇಕು.