ಬಿಸಿನೀರು ನಿಂತ ರಾತ್ರಿ

"ನಾವು ಮೆಂಟೆನೆನ್ಸ್ ಕಟ್ಟುವುದಿಲ್ಲವೇನಪ್ಪಾ?"

ಮಂಗಳವಾರ ರಾತ್ರಿಯಿಂದ ಈ ಮಾತು ನನ್ನ ಕಿವಿಯಲ್ಲೇ ಕೂತಿದೆ. ಕರೆಂಟ್ ಹೋಗಿ ಎರಡು ಗಂಟೆಯಾಗಿತ್ತು. ಹೊರೆ ತಾಳಲಾರದೆ ಜನರೇಟರ್ ಎರಡು ಸಲ ನಿಂತು ಮತ್ತೆ ಶುರುವಾಗಿತ್ತು. ಮೂರನೇ ಮಹಡಿಯ ಅಜ್ಜನ ಆಕ್ಸಿಜನ್ ಯಂತ್ರ ನಿಲ್ಲಬಾರದು, ಗೀಸರ್ ಆರಿಸಿ ಎಂದು ವಾಚ್‌ಮನ್ ಮನೆಮನೆಯ ಬಾಗಿಲು ತಟ್ಟುತ್ತಿದ್ದ. ಎದುರು ಮನೆಯವರು ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಬಂದು ಅವನ ಮೇಲೆ ಎಗರಿದರು. ಕೆಟ್ಟವರಲ್ಲ, ಹಬ್ಬಕ್ಕೆ ತಪ್ಪದೆ ಒಬ್ಬಟ್ಟು ಕಳಿಸುತ್ತಾರೆ. ಆದರೆ ರಸೀದಿ ಹಿಡಿದುಕೊಂಡೇ ಬದುಕುವ ಜನ.

ಆ ವಾರ ನಾನು ಓದುತ್ತಿದ್ದುದು ಕಾರ್ಪೇಥಿಯಾ ಹಡಗಿನ ಕಥೆ. 1903ರಲ್ಲಿ ಮೊದಲ ಯಾನ ಮಾಡಿದ, ವೇಗಕ್ಕೂ ವೈಭವಕ್ಕೂ ಹೆಸರಾಗದ, ಕ್ಯುನಾರ್ಡ್ ಕಂಪನಿಯ ಹಡಗು. 1912ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಿಂದ ಮೆಡಿಟರೇನಿಯನ್ ಕಡೆಗೆ ಹೊರಟಿತ್ತು. 14ರ ನಡುರಾತ್ರಿ ಕಳೆದಿತ್ತು. ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ 21ರ ಹುಡುಗ ಹೆರಾಲ್ಡ್ ಕಾಟಮ್ ಮಲಗಲೆಂದು ಬಟ್ಟೆ ಬದಲಿಸುತ್ತಿದ್ದ. ಕಿವಿಯ ಹೆಡ್‌ಫೋನ್ ಮಾತ್ರ ಇನ್ನೂ ತೆಗೆದಿರಲಿಲ್ಲ. ಕೂಡಲೇ ಬನ್ನಿ ಎಂಬ ಟೈಟಾನಿಕ್‌ನ ಮೊರೆ ಅದರಲ್ಲೇ ಕೇಳಿಸಿತು.

ಲೆಕ್ಕದ ಪ್ರಕಾರ ದೂರ 58 ಸಮುದ್ರ ಮೈಲಿ. ಹಡಗಿನ ಸಾಮಾನ್ಯ ವೇಗ 14 ನಾಟ್ ಸುಮಾರು, ಅಂದರೆ ಗಂಟೆಗೆ 14 ಸಮುದ್ರ ಮೈಲಿ. ಕ್ಯಾಪ್ಟನ್ ಆರ್ಥರ್ ರಾಸ್ಟ್ರನ್ ಸರದಿ ಮುಗಿಸಿ ಮಲಗಿದ್ದ ಕಲ್ಲಿದ್ದಲು ಕೆಲಸಗಾರರನ್ನೂ ಎಬ್ಬಿಸಿದರು. ಊಟದ ಕೋಣೆಗೊಬ್ಬರಂತೆ ಮೂವರು ವೈದ್ಯರನ್ನು ನಿಲ್ಲಿಸಿದರು. ಕಾಫಿ, ಸೂಪು, ಕಂಬಳಿ ಸಿದ್ಧವಾದವು. ಕೋಣೆಗಳನ್ನು ಬೆಚ್ಚಗಿಡುತ್ತಿದ್ದ ಉಗಿಯನ್ನೂ ಬಿಸಿನೀರನ್ನೂ ನಿಲ್ಲಿಸಿ, ಆ ಉಗಿಯನ್ನೆಲ್ಲ ಎಂಜಿನ್‌ಗೆ ತಿರುಗಿಸಲಾಯಿತು.

ನನ್ನ ಓದು ಅಲ್ಲೇ ನಿಂತಿತು. ಅವರೂ ದುಡ್ಡು ಕೊಟ್ಟು ಟಿಕೆಟ್ ಕೊಂಡವರೇ, 700ಕ್ಕೂ ಹೆಚ್ಚು ಜನ. ರಾಸ್ಟ್ರನ್ ಯಾರ ಬಾಗಿಲನ್ನೂ ತಟ್ಟಿ ಒಪ್ಪಿಗೆ ಕೇಳಲಿಲ್ಲ. ಕೋಣೆ ಬಿಟ್ಟು ಹೊರಬರದಂತೆ ನೋಡಿಕೊಳ್ಳಿ ಎಂದು ಸಿಬ್ಬಂದಿಗೆ ಹೇಳಿದ್ದರು, ಅಷ್ಟೇ. ಕೇಳಿದ್ದರೆ ಅಲ್ಲೂ ಒಬ್ಬರು ಟವೆಲ್ ಹಾಕಿಕೊಂಡು ಬರುತ್ತಿದ್ದರೇನೋ. ನಮ್ಮ ವಾಚ್‌ಮನ್ ಕ್ಯಾಪ್ಟನ್ ಅಲ್ಲ, ಪಾಪ. ಅವನು ಕೇಳಲೇಬೇಕು, ಬೈಸಿಕೊಳ್ಳಲೇಬೇಕು.

ಹಿಮಗಡ್ಡೆಗಳ ನಡುವೆ ನುಸುಳಿಕೊಂಡು ಕಾರ್ಪೇಥಿಯಾ ನಸುಕಿನ ನಾಲ್ಕರ ಹೊತ್ತಿಗೆ ತಲುಪಿತು. ದೋಣಿಗಳಲ್ಲಿದ್ದ 700ಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡು ಮತ್ತೆ ನ್ಯೂಯಾರ್ಕ್‌ಗೇ ತಿರುಗಿತು. ಪ್ರವಾಸ ಹೊರಟವರು ಒಂದೇ ವಾರದಲ್ಲಿ ಹೊರಟಲ್ಲಿಗೇ ಬಂದು ಇಳಿದರು. ಹಲವರು ತಮ್ಮ ಕೋಣೆ, ಬಟ್ಟೆಗಳನ್ನೂ ಬಿಟ್ಟುಕೊಟ್ಟಿದ್ದರು. ಆರು ವರ್ಷಗಳ ನಂತರ, 1918ರ ಯುದ್ಧದಲ್ಲಿ, ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಹೊಡೆತಕ್ಕೆ ಕಾರ್ಪೇಥಿಯಾ ಕೂಡ ಮುಳುಗಿತು.

ಮಂಗಳವಾರ ನಾನು ಎದುರು ಮನೆಯವರ ಮೇಲೆ ಸಿಟ್ಟಾಗಿಯೇ ಬಾಗಿಲು ಹಾಕಿಕೊಂಡೆ. ಬಚ್ಚಲಲ್ಲಿ ನಮ್ಮ ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ಆಗಲೇ ಆರಿಸಿದ್ದೇವೆ ಎಂದು ವಾಚ್‌ಮನ್‌ಗೆ ಹೇಳಿ ಕಳಿಸಿಯಾಗಿತ್ತು. ಒಂದು ಬಕೆಟ್ ತುಂಬಿಸಿಕೊಂಡೇ ಸ್ವಿಚ್ ಆರಿಸಿದೆ.