ಮೊದಲ ಮಳೆಗೇ ಆರುವ ಸ್ಟೇಷನ್ ದೀಪಗಳು

ಮಾರ್ಚ್‌ವರೆಗೆ ಝಗಮಗಿಸಿದ ಸ್ಟೇಷನ್ ಎದುರಿನ ಅಲಂಕಾರ ದೀಪಗಳು ಏಪ್ರಿಲ್‌ನ ಮಾವಿನ ಮಳೆ ಬಿದ್ದ ರಾತ್ರಿಯೇ ಸಾಲಾಗಿ ಆರುತ್ತವೆ. ದಂಡು ಸ್ಟೇಷನ್ನಾಗಲಿ ಯಶವಂತಪುರವಾಗಲಿ, ಬೆಂಗಳೂರಿನ ಮಳೆ ಒಂದೇ. ಎಲ್‌ಇಡಿ ಬದಲಿಸಲು ಹೊರಡಬೇಡಿ, ನೀರು ಎಲ್ಲಿ ಹೊಕ್ಕಿದೆ ಅಂತ ಹುಡುಕಿ.

ಧೂಳು, ನೀರಿನ ಚಿಮ್ಮು ತಡೆಯುತ್ತದೆ ಅನ್ನುವ ಐಪಿ65 ದರ್ಜೆಯ ಫಿಟ್ಟಿಂಗಿಗೂ ನೀರು ಹೋಗುತ್ತದೆ. ಸಂಜೆಯಿಂದ ಉರಿದು ಬಿಸಿಯಾದ ಡಬ್ಬಿಯ ಮೇಲೆ ತಣ್ಣನೆ ಮಳೆ ಸುರಿದರೆ ಒಳಗಿನ ಗಾಳಿ ಕುಗ್ಗಿ, ಕೇಬಲ್ ಗ್ಲ್ಯಾಂಡಿನ (ಕೇಬಲ್ ಒಳಹೋಗುವಲ್ಲಿ ಬಿಗಿಯುವ ಬಿರಡೆ) ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಕೇಬಲ್ ಕೆಳಗಿನಿಂದಲೇ ಒಳಹೋಗಲಿ, ಹೋಗುವ ಮುನ್ನ ಒಂದು ಗೇಣು ಜೋತುಬಿದ್ದಿರಲಿ. ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಒಂದು ಗ್ಲ್ಯಾಂಡಿಗೆ ಎರಡು ಕೇಬಲ್ ತುರುಕಿದರೆ ನಡುವಿನ ಸಂದು ಎಷ್ಟು ಬಿಗಿದರೂ ಮುಚ್ಚದು. ಎಲ್ಲದಕ್ಕೂ ಸಿಲಿಕಾನ್ ಮೆತ್ತುವ ಚಾಳಿ ಬೇರೆ! ವಿನಿಗರ್ ವಾಸನೆಯ ಟ್ಯೂಬಂತೂ ಬೇಡವೇ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆಮ್ಲ ಬಿಡದ ‘ನ್ಯೂಟ್ರಲ್ ಕ್ಯೂರ್’ ಇರುವುದನ್ನೇ ಕೇಳಿ ತನ್ನಿ.

ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮತ್ತೆ ಮತ್ತೆ ಬೀಳುತ್ತಿದ್ದರೆ ಮೇನ್ ಆಫ್ ಮಾಡಿ, ಮಲ್ಟಿಮೀಟರಿನಲ್ಲಿ ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಪ್ರತಿ ಸಾಲಿನ ಫೇಸ್, ನ್ಯೂಟ್ರಲ್ ಎರಡನ್ನೂ ಕಳಚಬೇಕು. ನ್ಯೂಟ್ರಲ್ ಸೋರಿದರೂ ಅದು ಬೀಳುತ್ತದೆ, ಬಹಳ ಜನ ಎಡವುವುದು ಇಲ್ಲೇ. ಎಲ್‌ಇಡಿಗೆ ಹದವಾದ ಕರೆಂಟ್ ಕೊಡುವ ಡ್ರೈವರ್, ವೋಲ್ಟೇಜ್ ಜಿಗಿತ ತಡೆಯುವ ಸರ್ಜ್ ಪ್ರೊಟೆಕ್ಟರ್‌ಗಳನ್ನೂ ಬಿಡಿಸಿಯೇ 500 ವೋಲ್ಟ್ ಮೆಗ್ಗರ್ (ತಂತಿಯ ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ. ಇಲ್ಲದಿದ್ದರೆ ರೀಡಿಂಗ್ ಸುಳ್ಳು ಬರುತ್ತದೆ, ಡ್ರೈವರೂ ಸುಡಬಹುದು. 1 ಮೆಗಾಓಮ್‌ಗಿಂತ ಕಡಿಮೆ ಬಂದ ಸಾಲನ್ನು ನಡುವಿನ ಜಂಕ್ಷನ್ ಬಾಕ್ಸಿನಲ್ಲಿ ಬೇರ್ಪಡಿಸಿ ಎರಡು ಅರ್ಧಗಳನ್ನೂ ಅಳೆಯಿರಿ, ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿ. ಎಲ್ಲ ಒಣಗಿದ್ದೂ ಬಿದ್ದರೆ ಡ್ರೈವರ್‌ಗಳನ್ನು ಎಣಿಸಿ. ಪ್ರತಿಯೊಂದೂ ಚೂರುಚೂರು ಕರೆಂಟನ್ನು ಅರ್ಥ್‌ಗೆ ಬಿಡುತ್ತದೆ. 30 ಮಿಲಿಆಂಪ್ ಆರ್‌ಸಿಸಿಬಿ ಈ ಸೋರಿಕೆಯ ಮೊತ್ತ 15 ಮಿಲಿಆಂಪ್ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಸರ್ಕ್ಯೂಟನ್ನು ಎರಡಾಗಿ ಒಡೆಯುವುದೇ ದಾರಿ.

ಸಾಲಿನ ಕೊನೆ ಮಂಕಾಗಿದ್ದರೆ ಸ್ಟ್ರಿಪ್ ಹಳೆಯದಾಯಿತು ಅನ್ನಬೇಡಿ, ತಂತಿ ನೋಡಿ. 24 ವೋಲ್ಟ್‌ನ 120 ವ್ಯಾಟ್ ಸ್ಟ್ರಿಪ್ 5 ಆಂಪ್ ಎಳೆಯುತ್ತದೆ. 20 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಸುಮಾರು 2.4 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 4 ಚದರ ಮಿ.ಮೀ.ಯಲ್ಲಿ 1 ವೋಲ್ಟ್‌ನಷ್ಟು. ಡ್ರೈವರನ್ನೇ ಹತ್ತಿರ ತರುವುದು ಇನ್ನೂ ಅಗ್ಗ.

ಫುಟ್‌ಪಾತ್ ಕೆಳಗಿನ ಪೈಪಿನಲ್ಲಿ ಹೆಗ್ಗಣಗಳ ರಾಜ್ಯ. ಪೈಪಿನ ಬಾಯಿಗೆ ಸ್ಟೀಲ್ ಜಾಲರಿ ತುರುಕಿ, ಬರೀ ಫೋಮ್ ಕಡಿದು ಹಾಕುತ್ತವೆ. 1905ರಲ್ಲೇ ಬೀದಿಗೆ ವಿದ್ಯುತ್ ದೀಪ ಹಚ್ಚಿದ ಊರಿದು, ಆದರೂ ಕಂಬದ ಬುಡದ ಮುಚ್ಚಳ ಕಳಚಿ ತಂತಿ ಹೊರಚಾಚಿರುವುದು ಇಂದಿಗೂ ಕಾಣುತ್ತದೆ. ಮುಚ್ಚಳವಿಲ್ಲದ ಕಂಬದ ಸಾಲಿಗೆ ಕರೆಂಟ್ ಕೊಡಬೇಡಿ. ಕಂಬದಿಂದ ಅರ್ಥ್‌ವರೆಗಿನ ಕಂಟಿನ್ಯುಟಿಯನ್ನು (ಸಂಪರ್ಕ ಎಲ್ಲೂ ಕಡಿದಿಲ್ಲವೇ ಎಂಬುದನ್ನು) ಮುಂಗಾರಿಗೆ ಮೊದಲೇ ಅಳೆದಿಡಿ.

ಮರಕ್ಕೆ ಕಟ್ಟಿದ ಸೀರಿಯಲ್ ಸೆಟ್‌ಗೆ ಮೊಳೆ ಬೇಡ, ಕೇಬಲ್ ಟೈ ಆದರೆ ವರ್ಷಕ್ಕೊಮ್ಮೆ ಸಡಿಲಿಸಿ. ಬಣ್ಣ ಬದಲಾಗುವ ದೀಪವಿದ್ದರೆ ಹಳಿಯ ಕಡೆಯಿಂದಲೂ ಒಮ್ಮೆ ನೋಡಿಸಿ. ಕೆಂಪು, ಹಳದಿ, ಹಸಿರು ಲೋಕೋ ಪೈಲಟ್ ಕಣ್ಣಿಗೆ ಸಿಗ್ನಲ್‌ನಂತೆ ಬೀಳುವಂತಿದ್ದರೆ ಅದನ್ನು ತಿರುಗಿಸಿ, ಇಲ್ಲವೇ ತೆಗೆದೇಬಿಡಿ.